ಔಷಧ ಪ್ರಯೋಗಗಳಲ್ಲಿ ಸಿಬ್ಬಂದಿ ತರಬೇತಿಯ ಮಹತ್ವ

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧಗಳ ಮೂಲವಸ್ತು ತಯಾರಿಸುವ ಘಟಕಗಳಿವೆ. ಮನುಷ್ಯರ ಮೇಲೆ ನಡೆಯುವ ಔಷಧ ಪ್ರಯೋಗ, ಅಂದರೆ ಕ್ಲಿನಿಕಲ್ ಟ್ರಯಲ್, ದೊಡ್ಡ ಕಂಪನಿಗಳ ವ್ಯವಹಾರವೆಂದು ಸಣ್ಣ ತಯಾರಕರು ಭಾವಿಸುವುದು ಸಹಜ. ಆದರೆ ಪ್ರಯೋಗದ ದಾಖಲೆ ತಿರಸ್ಕೃತವಾದರೆ ಮಾತ್ರೆಯ ಮಾರಾಟ ನಿಲ್ಲುತ್ತದೆ. ಮಾತ್ರೆ ನಿಂತರೆ ಮೂಲವಸ್ತುವಿನ ಬೇಡಿಕೆಯೂ ಕುಸಿಯುತ್ತದೆ.

ನೆರೆಯ ಹೈದರಾಬಾದಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಅಂದಿನ ಜಿವಿಕೆ ಬಯೋಸೈನ್ಸಸ್ ಕೇಂದ್ರವನ್ನು 2014ರಲ್ಲಿ ಫ್ರಾನ್ಸಿನ ಔಷಧ ಪ್ರಾಧಿಕಾರ ತಪಾಸಣೆ ಮಾಡಿ, ಇ.ಸಿ.ಜಿ. ದಾಖಲೆಗಳನ್ನು ತಿರುಚಲಾಗಿದೆ ಎಂದು ವರದಿ ನೀಡಿತು. ಕನಿಷ್ಠ 5 ವರ್ಷ ಕಾಲ ಹಲವು ಸಿಬ್ಬಂದಿ ಇದರಲ್ಲಿ ತೊಡಗಿದ್ದರೆಂಬುದು ಯುರೋಪಿನ ಔಷಧ ಸಂಸ್ಥೆಯ ಸಂಶಯಕ್ಕೆ ಕಾರಣವಾಯಿತು. 2015ರಲ್ಲಿ ಅದು ಸುಮಾರು 700 ಔಷಧ ರೂಪಗಳ ಪರವಾನಗಿಯನ್ನು ಅಮಾನತಿನಲ್ಲಿಡಲು ಶಿಫಾರಸು ಮಾಡಿತು. ಅವುಗಳಿಂದ ಯಾರಿಗಾದರೂ ಹಾನಿಯಾದ ಪುರಾವೆ ಇರಲಿಲ್ಲ. ಕಂಪನಿಯೂ ನಿರ್ಣಯವನ್ನು ಒಪ್ಪಲಿಲ್ಲ. ಭಾರತ ಸರ್ಕಾರವು ಅದೇ ಆಗಸ್ಟ್‌ನಲ್ಲಿ ಯುರೋಪ್ ಒಕ್ಕೂಟದೊಡನೆ ನಡೆಯಬೇಕಿದ್ದ ವ್ಯಾಪಾರ ಮಾತುಕತೆಯನ್ನೇ ಮುಂದೂಡಿತು. ಗಮನಾರ್ಹ ಸಂಗತಿಯೆಂದರೆ, ಜನರಿಕ್ ಔಷಧವು ಮೂಲ ಔಷಧಕ್ಕೆ ಸಮವೇ ಎಂಬುದನ್ನು ನಿರ್ಧರಿಸುವುದು ರಕ್ತದಲ್ಲಿನ ಔಷಧದ ಪ್ರಮಾಣ. ಇ.ಸಿ.ಜಿ. ಕೇವಲ ಸುರಕ್ಷತೆಗಾಗಿ ಮಾಡುವ ಪೂರಕ ಪರೀಕ್ಷೆ. ಕಿರ್ದಿ ಪುಸ್ತಕದ ಒಂದು ಪುಟ ಸುಳ್ಳಾದರೆ ಉಳಿದ ಲೆಕ್ಕವನ್ನೂ ಯಾರೂ ನಂಬರೆಂಬುದು ವರ್ತಕರಿಗೆ ತಿಳಿಯದ ವಿಷಯವೇನಲ್ಲ.

ಒಂದು ದಿನದ ಇಂಗ್ಲಿಷ್ ಉಪನ್ಯಾಸ, ಕಡತದಲ್ಲೊಂದು ಪ್ರಮಾಣಪತ್ರ: ಇಷ್ಟನ್ನೇ ತರಬೇತಿ ಎನ್ನುವುದರಿಂದ ರಕ್ತ ಸಂಗ್ರಹಿಸುವ ಸಹಾಯಕನಿಗೆ ಪ್ರಯೋಜನವಿಲ್ಲ. ಮಾದರಿ ದಾಖಲೆಯನ್ನು ಆತನ ಕೈಯಿಂದಲೇ ಬರೆಸಬೇಕು. ತಪ್ಪಾದರೆ ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕುವುದನ್ನು ರೂಢಿ ಮಾಡಿಸಬೇಕು. ಗಂಭೀರ ದುಷ್ಪರಿಣಾಮ ಕಂಡುಬಂದಲ್ಲಿ ಪ್ರಯೋಗ ನಡೆಸುವ ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕೆಂದು 2019ರ ನಿಯಮಗಳು ವಿಧಿಸಿವೆ. ವಾರ್ಡಿನ ದಾದಿ ತಡವಾಗಿ ತಿಳಿಸಿದರೆ ವೈದ್ಯರು ಈ ಗಡುವನ್ನು ಪಾಲಿಸುವುದೆಂತು?

ಒಪ್ಪಿಗೆ ಪತ್ರದ ವಿಷಯ ಇನ್ನೂ ಸೂಕ್ಷ್ಮ. ಬಗದಲ್, ಭಾಲ್ಕಿ, ಔರಾದ್ ಕಡೆಯ ವ್ಯಕ್ತಿ ಹೈದರಾಬಾದಿನ ಪ್ರಯೋಗಕ್ಕೆ ಸೇರಿದರೆ, ಆತನಿಗೆ ಅರ್ಥವಾಗುವ ಕನ್ನಡ, ಉರ್ದು ಅಥವಾ ಮರಾಠಿಯಲ್ಲಿ ವಿವರಿಸಬೇಕು. ಓದುಬರಹ ಬಾರದಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಆದಿಯಿಂದ ಅಂತ್ಯದವರೆಗೆ ಹಾಜರಿರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಒಪ್ಪಿಗೆಯಾಗದು.

ಆದರೂ ಎಲ್ಲ ಹೊಣೆಯನ್ನೂ ಕೆಳಹಂತದ ನೌಕರರ ಮೇಲೆ ಹೊರಿಸುವುದು ನ್ಯಾಯವಲ್ಲ. 9 ಗಂಟೆಯ ಮಾದರಿ ತಪ್ಪಿಹೋಯಿತೆಂದು ಹೇಳಿದವನಿಗೆ ಬೈಗುಳವೇ ದೊರೆಯುವಲ್ಲಿ, ಮರುದಿನ ಆತ ಇಲ್ಲದ ಅಂಕಿಯನ್ನು ಬರೆಯುತ್ತಾನೆ. ಮೇಲ್ವಿಚಾರಕರಿಗೂ ತರಬೇತಿ ಬೇಕಾಗಿರುವುದು ಇದಕ್ಕೇ. ಕೊಳಾರದ ಘಟಕಗಳ ಬ್ಯಾಚ್ ದಾಖಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪಾಳಿ ಮುಗಿದ ಮೇಲೆ ಕುಳಿತು ನೆನಪಿನಿಂದ ಉಷ್ಣತೆ ತುಂಬಿಸುವ ರೂಢಿಯಿದ್ದಲ್ಲಿ, ಖರೀದಿದಾರರ ತಪಾಸಕರು ಬರುವ ಮುನ್ನವೇ ಮಾಲೀಕರು ಅದನ್ನು ನಿಲ್ಲಿಸುವುದು ಲೇಸು.