ಮೂತ್ರದಲ್ಲಿ ಹರಳು: ವರದಿಯನ್ನು ಓದುವ ಬಗೆ

ಮೂತ್ರಪರೀಕ್ಷೆಯ ವರದಿಯಲ್ಲಿ ‘ಕ್ರಿಸ್ಟಲ್ಸ್’ ಎಂಬ ಶಬ್ದ ಕಂಡೊಡನೆ ಕಿಡ್ನಿಯಲ್ಲಿ ಕಲ್ಲು ಬೆಳೆದಿದೆಯೆಂದು ಅಂಜಿ ಬರುವ ಸದ್ಭಕ್ತರು ಅನೇಕರು. ಕಲ್ಲಿಗೂ ಹರಳೆಂದೇ ಕರೆಯುವ ನಮ್ಮ ರೂಢಿಯೇ ಈ ಅಂಜಿಕೆಗೆ ಒಂದು ಕಾರಣ. ವರದಿಯಲ್ಲಿ ಹೇಳಿದ ಹರಳು ಸೂಕ್ಷ್ಮದರ್ಶಕದಲ್ಲಿ ಕಾಣುವ ಕಣ. ಅದು ಆರೋಗ್ಯವಂತರಲ್ಲಿಯೂ ಇರಬಹುದು. ಕಲ್ಲಿರುವವರಲ್ಲಿ ಒಮ್ಮೊಮ್ಮೆ ಕಾಣದೆಯೂ ಹೋಗಬಹುದು.

ಸುಶ್ರುತಸಂಹಿತೆಯ ನಿದಾನಸ್ಥಾನವು ಅಶ್ಮರಿಯ ಉತ್ಪತ್ತಿಯನ್ನು ಹೊಸ ಗಡಿಗೆಯ ತಿಳಿನೀರಿನಲ್ಲಿಯೂ ಕಾಲಾಂತರದಲ್ಲಿ ತಳಕ್ಕಿಳಿಯುವ ಕೆಸರಿಗೆ ಹೋಲಿಸುತ್ತದೆ. ಕಾಲುವೆಯ ನೀರನ್ನು ಕಂಡ ತುರ್ವಿಹಾಳ, ಸಿಂಧನೂರು ಕಡೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂತ್ರದಲ್ಲಿ ನೀರಿನ ಅಂಶ ತಗ್ಗಿದರೆ ಕರಗಿದ್ದ ಲವಣಗಳು ಹರಳಾಗುತ್ತವೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ದೇಹದ ನೀರು ಬಹುಪಾಲು ಬೆವರಾಗಿಯೇ ಹೋಗುತ್ತದೆ. ಭತ್ತದ ನಾಟಿಗೆ, ಕಳೆ ತೆಗೆಯಲು ಹೋಗುವ ತಾಯಂದಿರ ಸಂಕಟ ಬೇರೆ: ಬಯಲಿನಲ್ಲಿ ಮರೆಯಿಲ್ಲವೆಂದು ಸಂಜೆಯವರೆಗೆ ನೀರನ್ನೇ ಮುಟ್ಟದವರಿದ್ದಾರೆ. ಅವರಿಗೆ ‘ನೀರು ಹೆಚ್ಚು ಕುಡಿಯಿರಿ’ ಎಂದು ಚೀಟಿ ಬರೆಯುವುದು ನನಗೆ ಸುಲಭ. ಮರೆಯೊಂದನ್ನು ಕಟ್ಟಿಸಿಕೊಡಬೇಕಾದವರು ಹೊಲದ ಮಾಲೀಕರು.

ಹರಳಿನ ಜಾತಿಯನ್ನು ಆಕಾರದಿಂದ ಗುರುತಿಸುತ್ತಾರೆ. ಹೆಚ್ಚಾಗಿ ಕಾಣುವುದು ಕ್ಯಾಲ್ಸಿಯಂ ಆಕ್ಸಲೇಟ್. ಅಂಚೆಯ ಲಕೋಟೆಯ ಬೆನ್ನಿನಂತೆ ಚೌಕದೊಳಗೆ ಅಡ್ಡಗೆರೆಗಳು. ಯೂರಿಕ್ ಆಮ್ಲದ ಹರಳು ಹಳದಿ ಇಲ್ಲವೆ ಕಂದು ಬಣ್ಣದ್ದು, ಆಮ್ಲೀಯ ಮೂತ್ರದಲ್ಲಿ ಬರುವಂಥದು. ಪೆಟ್ಟಿಗೆಯ ಮುಚ್ಚಳದಂತಿರುವ ಟ್ರಿಪಲ್ ಫಾಸ್ಫೇಟ್ ಕ್ಷಾರೀಯ ಮೂತ್ರದಲ್ಲಿ ಕಾಣುತ್ತದೆ. ಜೊತೆಗೆ ಕೀವುಕಣಗಳಿದ್ದರೆ ಸೋಂಕನ್ನು ಶಂಕಿಸಬೇಕು. ಆರು ಮೂಲೆಯ ಸಿಸ್ಟೀನ್ ಅಪರೂಪ, ಆದರೆ ಅದನ್ನೆಂದೂ ಕಡೆಗಣಿಸುವಂತಿಲ್ಲ. ಅದು ವಂಶಪಾರಂಪರ್ಯದ ದೋಷ. ಸಲ್ಫಾ ಮೊದಲಾದ ಕೆಲವು ಔಷಧಗಳೂ ಹರಳಾಗುವುದುಂಟು. ಆದ್ದರಿಂದ ಸೇವಿಸುತ್ತಿರುವ ಮಾತ್ರೆಗಳನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ನಸುಕಿನಲ್ಲಿ ಹಿಡಿದ ಮೂತ್ರವನ್ನು ಬಸ್ಸಿನಲ್ಲಿ ಒಯ್ದು ಮಧ್ಯಾಹ್ನ ಕೊಟ್ಟರೆ, ದೇಹದೊಳಗಿಲ್ಲದ ಹರಳುಗಳು ಶೀಶೆಯಲ್ಲಿಯೇ ಮೂಡಿರುತ್ತವೆ. ಪ್ರಯೋಗಾಲಯದಲ್ಲಿಯೇ ನಡುಧಾರೆಯ ಮೂತ್ರವನ್ನು ಹಿಡಿದು, ಒಂದೆರಡು ಗಂಟೆಯೊಳಗೆ ಪರೀಕ್ಷೆಯಾಗುವಂತೆ ನೋಡಿಕೊಳ್ಳಿರಿ.

ಕ್ಯಾಲ್ಸಿಯಂ ಎಂಬ ಹೆಸರಿಗೆ ಹೆದರಿ ಹಾಲು, ಮಜ್ಜಿಗೆ ಬಿಡುವುದು ಸಲ್ಲದು. ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು, ಉಪ್ಪಿನಕಾಯಿ ಮತ್ತು ಪಾಲಕ್ ಸೊಪ್ಪು. ಹೃದಯದ ಅಥವಾ ಕಿಡ್ನಿಯ ಕಾಯಿಲೆ ಇಲ್ಲದವರು ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ಸಾಕು.

ನೆಗ್ಗಿಲಿನ ಕಷಾಯ, ಹುರುಳಿಯ ಕಟ್ಟು ನಮ್ಮ ಶಾಸ್ತ್ರಸಮ್ಮತವಾದವು, ನಾನೂ ಕೊಡುತ್ತೇನೆ. ಆದರೆ ಸೊಂಟದಿಂದ ತೊಡೆಸಂದಿಗೆ ಇಳಿಯುವ ತೀವ್ರ ನೋವು, ಕೆಂಪು ಮೂತ್ರ ಅಥವಾ ಪದೇ ಪದೇ ಹರಳು ಕಂಡಾಗ ಸ್ಕ್ಯಾನ್ ಮಾಡಿಸದೆ ಯಾವ ಕಷಾಯವನ್ನೂ ಆರಂಭಿಸುವುದಿಲ್ಲ. ನೋವಿನೊಂದಿಗೆ ಚಳಿಜ್ವರ ಬಂದರೆ, ಇಲ್ಲವೆ ಮೂತ್ರ ಕಟ್ಟಿದರೆ, ನನ್ನ ಬಳಿಗೂ ಬರದೆ ಅಂದೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿರಿ.