ನಿಮಗಿದು ಗೊತ್ತೆ? ಗೊಬ್ಬರವೇ ಗಿಡಕ್ಕೆ ಮುಳುವಾಗಬಹುದು!

ಕೊಟ್ಟಿಗೆ ಗೊಬ್ಬರ ಹಾಕಿದ್ದಕ್ಕೇ ಟೊಮೆಟೊ ಗಿಡ ಮುರುಟಿಕೊಂಡರೆ? 2008ರಲ್ಲಿ ಬ್ರಿಟನ್ನಿನಲ್ಲಿ ಹೀಗೇ ಆಯಿತು. ತುಂಡು ಜಾಗವನ್ನು ಬಾಡಿಗೆಗೆ ಪಡೆದು ತರಕಾರಿ ಬೆಳೆಯುವ ಅಲ್ಲಿನ ‘ಅಲಾಟ್‌ಮೆಂಟ್’ ತೋಟಗಳಲ್ಲಿ ಆಲೂಗೆಡ್ಡೆ, ಬೀನ್ಸ್, ಟೊಮೆಟೊ ಎಲೆಗಳು ಬಟ್ಟಲಿನಂತೆ ಮಡಚಿ, ಜರೀಗಿಡದಂತೆ ಸುರುಳಿ ಸುತ್ತಿದವು. ಇದು ರೋಗವಲ್ಲ, ಅಮೈನೋಪೈರಾಲಿಡ್ ಎಂಬ ಕಳೆನಾಶಕದ ಕೆಲಸ. ಹುಲ್ಲುಗಾವಲಿನ ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಇದು ಹುಲ್ಲಿಗೆ ಏನೂ ಮಾಡದು. ಆ ಹುಲ್ಲು ತಿಂದ ದನ, ಕುದುರೆಗಳ ಹೊಟ್ಟೆಯಲ್ಲೂ ನಾಶವಾಗದೆ ಸಗಣಿ, ಲದ್ದಿಯಲ್ಲಿ ಹೊರಬರುತ್ತದೆ.

ಗೊಬ್ಬರ ಚೆನ್ನಾಗಿ ಕಳಿತರೆ ಸಾಕಲ್ಲವೇ ಎನ್ನಬಹುದು. ಸಾಲದು. ಈ ಕಳೆನಾಶಕವನ್ನು ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳು. ತಿಪ್ಪೆಯೊಳಗೆ ಅದು ಬಹುಕಾಲ ಉಳಿಯುತ್ತದೆ. ಅದರ ಲೇಬಲ್ಲಿನಲ್ಲಿ ಎಚ್ಚರಿಕೆ ಇತ್ತಲ್ಲ ಎಂಬ ವಾದವೂ ಉಂಟು. ಇತ್ತು ನಿಜ, ಆದರೆ ಅದನ್ನು ಓದುವವನು ಸಿಂಪಡಿಸುವ ರೈತ. ಒಣಹುಲ್ಲು ಲಾಯಕ್ಕೆ, ಲದ್ದಿ ತೋಟಕ್ಕೆ ಕೈ ಬದಲಾಯಿಸುವಾಗ ಲೇಬಲ್ ಜೊತೆಗೆ ಹೋಗುವುದಿಲ್ಲ. ಆದ್ದರಿಂದಲೇ ತಪ್ಪು ತೋಟಗಾರನದಲ್ಲ, ಮಾಹಿತಿಯ ಕೊಂಡಿ ಕಳಚಿದ್ದು. ಅದೇ ವರ್ಷ ಬ್ರಿಟನ್ನಿನಲ್ಲಿ ಈ ಕಳೆನಾಶಕದ ಮಾರಾಟ ತಡೆಹಿಡಿಯಲಾಯಿತು. ಮುಂದೆ ಬಿಗಿ ಷರತ್ತುಗಳೊಂದಿಗೆ ಅನುಮತಿ ಮರಳಿತು. ಷರತ್ತು ಕಾಗದದಲ್ಲಿದ್ದರೂ ಗೊಬ್ಬರದ ಪೂರ್ವಾಪರ ಕೇಳುವುದೇ ಲೇಸು. ಅನುಮಾನವಿದ್ದರೆ ಒಂದು ಕುಂಡದಲ್ಲಿ ಗೊಬ್ಬರ ಬೆರೆಸಿ, ಇನ್ನೊಂದರಲ್ಲಿ ಬೆರೆಸದೆ ಬೀನ್ಸ್ ಬಿತ್ತಿ ಕೆಲವು ವಾರ ಕಾಯಿರಿ. ಗೊಬ್ಬರವಿದ್ದ ಕುಂಡದಲ್ಲಿ ಮಾತ್ರ ಎಲೆ ಮುರುಟಿದರೆ ಆ ಗೊಬ್ಬರವನ್ನು ತೋಟಕ್ಕೆ ಹಾಕಬೇಡಿ.