ವೋಲ್ಟೇಜು ಕೊಟ್ಟರೆ ಬಣ್ಣ ಬದಲಿಸುವ ಪಿಂಗಾಣಿ

ಹಳೆಯ ಎಫ್‌ಎಂ ರೇಡಿಯೋದ ಹಿಂಬದಿ ಬಿಚ್ಚಿ ನೋಡುವ ಚಾಳಿ ಇದ್ದವರಿಗೆ ಮೂರು ಕಾಲಿನ ಒಂದು ಪುಟ್ಟ ಬಿಲ್ಲೆ ಕಣ್ಣಿಗೆ ಬಿದ್ದಿರುತ್ತದೆ. ಗಾಳಿಯಲ್ಲಿ ಬರುವ ಹತ್ತಾರು ಸ್ಟೇಷನ್‌ಗಳಲ್ಲಿ ನಿಮಗೆ ಬೇಕಾದ ಒಂದನ್ನೇ ಸೋಸಿ ಕೊಡಲು 10.7 ಮೆಗಾಹರ್ಟ್ಸ್‌ನಲ್ಲಿ ಕಂಪಿಸುವ ಪಿಂಗಾಣಿ ಅದು. ಗ್ಯಾಸ್ ಒಲೆಯ ಲೈಟರಿನಲ್ಲಿ ಟಿಕ್ ಎಂದು ಕಿಡಿ ಹಾರಿಸುವುದೂ ಇದರ ದಾಯಾದಿಯೇ. ಈ ಜಾತಿಯ ವಸ್ತುಗಳಿಗೆ ಫೆರೋಎಲೆಕ್ಟ್ರಿಕ್ ಎಂದು ಹೆಸರು. ಹೆಸರಿನಲ್ಲಿ ಕಬ್ಬಿಣ ಇದ್ದರೂ ಒಳಗೆ ಕಬ್ಬಿಣ ಇರಬೇಕೆಂದೇನಿಲ್ಲ. ಅಯಸ್ಕಾಂತದ ನಡವಳಿಕೆಯನ್ನು ಇವು ವಿದ್ಯುತ್ತಿನಲ್ಲಿ ತೋರಿಸುತ್ತವೆ, ಅಷ್ಟೇ. 1920ರಲ್ಲಿ ಅಮೆರಿಕದ ಜೋಸೆಫ್ ವಲಾಸೆಕ್ ಈ ಗುಣವನ್ನು ಮೊದಲು ಕಂಡದ್ದು ರೋಶೆಲ್ ಉಪ್ಪಿನಲ್ಲಿ. ಮುಂದೆ ಅದೇ ಉಪ್ಪಿನ ಹರಳು ಮೈಕ್ರೋಫೋನಿನೊಳಕ್ಕೂ ಗ್ರಾಮಫೋನಿನ ಮುಳ್ಳಿನ ಬುಡಕ್ಕೂ ಹೋಯಿತು. ಹಾಗಾಗಿ ರೇಡಿಯೋದವರಿಗೆ ಇದು ಪರಕೀಯ ವಿಷಯವಲ್ಲ!

ಇಂಥ ಪಿಂಗಾಣಿಗೆ ಚಿಟಿಕೆಯಷ್ಟು ವಿರಳ ಭಸ್ಮ ಧಾತು, ಅಂದರೆ ಯೂರೋಪಿಯಂ ಅಥವಾ ಎರ್ಬಿಯಂ, ಬೆರೆಸಿದರೆ ಅದು ಬೆಳಕು ಸೂಸುತ್ತದೆ. ಆಮೇಲೆ ವೋಲ್ಟೇಜು ಕೊಟ್ಟರೆ ಆ ಬೆಳಕು ಬದಲಾಗುತ್ತದೆ. ಏಕೆ?

ಮೊದಲು ಪಿಂಗಾಣಿಯ ಒಳಗೆ ಹೋಗೋಣ. ಬೇರಿಯಂ ಟೈಟನೇಟನ್ನೇ ತೆಗೆದುಕೊಳ್ಳಿ. ಸುಮಾರು 0.4 ನ್ಯಾನೋಮೀಟರ್ ಅಗಲದ ಗೂಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿದಂತೆ ಅದರ ರಚನೆ. ಪ್ರತಿ ಗೂಡಿನ ನಡುವೆ ಒಂದು ಟೈಟಾನಿಯಂ ಅಯಾನು. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದು ಸರಾಸರಿಯಲ್ಲಿ ನಟ್ಟನಡುವೆ ಇರುತ್ತದೆ. ತಣ್ಣಗಾದಾಗ ತುಸು ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಸರಿಯುವುದು ಗೂಡಿನ ಅಗಲದ ನೂರರಲ್ಲಿ ಕೆಲವೇ ಪಾಲು, ಆದರೆ ಫೆರೋಎಲೆಕ್ಟ್ರಿಕ್ ಗುಣವೆಲ್ಲ ಬರುವುದು ಅಷ್ಟರಿಂದಲೇ. ಲೋಕಲ್ ರೈಲಿನ ಡಬ್ಬಿಯಲ್ಲಿ ಗುಂಪುಗುಂಪಾಗಿ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತ ಜನ, ಸ್ಟೇಷನ್ ಬಂತೆಂದರೆ ಬಾಗಿಲ ಕಡೆಗೆ ತಿರುಗುತ್ತಾರಲ್ಲ, ಹೊರಗಿನ ವಿದ್ಯುತ್ ಕ್ಷೇತ್ರ ಮಾಡುವುದೂ ಅದನ್ನೇ. ವ್ಯತ್ಯಾಸ ಒಂದಿದೆ: ಇಲ್ಲಿ ಸ್ಟೇಷನ್ ದಾಟಿದ ಮೇಲೂ ಬಹುಪಾಲು ಮುಖಗಳು ಬಾಗಿಲ ಕಡೆಗೇ ಇರುತ್ತವೆ.

ಇನ್ನು ಬೆಳಕಿನ ಕಡೆ. ವಿರಳ ಭಸ್ಮ ಅಯಾನಿನಲ್ಲಿ ಬೆಳಕು ಹೊಮ್ಮಿಸುವ ಎಲೆಕ್ಟ್ರಾನುಗಳು ಹೊರಕವಚದ ಹಿಂದೆ ಅಡಗಿರುತ್ತವೆ. ಅದಕ್ಕೇ ಅವುಗಳ ಬಣ್ಣದ ಗೆರೆಗಳು ಬಲು ಸಪೂರ, ಸುತ್ತಲಿನ ವಸ್ತು ಯಾವುದಾದರೂ ಹೆಚ್ಚು ಕದಲುವುದಿಲ್ಲ. ಗೆರೆಯ ಜಾಗ ಕದಲದಿದ್ದರೂ ಅದರ ಪ್ರಖರತೆಯ ಮಾತು ಬೇರೆ. ಅಯಾನಿನ ಸುತ್ತಣ ನೆರೆಹೊರೆ ಎಲ್ಲ ಕಡೆಗೂ ಒಂದೇ ಸಮನಾಗಿದ್ದರೆ ಈ ಎಲೆಕ್ಟ್ರಾನುಗಳ ಹಲವು ಜಿಗಿತಗಳಿಗೆ ಕ್ವಾಂಟಂ ನಿಯಮದ ನಿಷೇಧವಿದೆ. ನೆರೆಹೊರೆ ಓರೆಯಾಯಿತೋ, ನಿಷೇಧ ಸಡಿಲಗೊಳ್ಳುತ್ತದೆ. ಈ ಲೆಕ್ಕಾಚಾರವನ್ನು 1962ರಲ್ಲಿ ಜಡ್ ಮತ್ತು ಓಫೆಲ್ಟ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿಯೇ ಪ್ರಕಟಿಸಿದರು.

ಯೂರೋಪಿಯಂ ಇದಕ್ಕೆ ಹೇಳಿ ಮಾಡಿಸಿದ ಸಾಕ್ಷಿ. ಅತಿನೇರಳೆ ಕಿರಣ ಬಿದ್ದರೆ ಅದು ಸುಮಾರು 590 ನ್ಯಾನೋಮೀಟರಿನ ಕಿತ್ತಳೆ ಬೆಳಕನ್ನೂ ಸುಮಾರು 615ರ ಕೆಂಪನ್ನೂ ಕೊಡುತ್ತದೆ. ಕಿತ್ತಳೆಗೆ ನೆರೆಹೊರೆಯ ಗೊಡವೆ ಹೆಚ್ಚಿಲ್ಲ, ಕೆಂಪಿಗೆ ಮಾತ್ರ ಅದೇ ಪ್ರಾಣ. ಎರಡರ ಅನುಪಾತ ನೋಡಿದರೆ ಗೂಡು ಎಷ್ಟು ಓರೆಯಾಗಿದೆ ಎಂಬ ಸುಳಿವು ಸಿಗುತ್ತದೆ. ಬರೀ ಒಟ್ಟು ಪ್ರಖರತೆ ಅಳೆದು ಬೀಗುವಂತಿಲ್ಲ. ಕ್ಷೇತ್ರ ಹಾಕಿದಾಗ ಪಿಂಗಾಣಿಯೇ ಬೆಳಕನ್ನು ಚದುರಿಸುವ ರೀತಿ ಬದಲಾಗಬಹುದು, ಬಿಲ್ಲೆ ಬಿಸಿಯಾಗಬಹುದು, ಅದರಿಂದಲೂ ಬೆಳಕು ಏರಿಳಿದೀತು. ನನ್ನ ಎಣಿಕೆಯಲ್ಲಿ ಈ ವಿಷಯದ ಯಾವ ವರದಿಯನ್ನು ಓದುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದು.

2011ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಎರ್ಬಿಯಂ, ಇಟರ್ಬಿಯಂ ಬೆರೆಸಿದ ಬೇರಿಯಂ ಟೈಟನೇಟಿನ ತೆಳುಪದರದಲ್ಲಿ ವೋಲ್ಟೇಜಿನಿಂದ ಬೆಳಕನ್ನು ಹೆಚ್ಚಿಸಿ ತೋರಿಸಿದರು. ಅಲ್ಲಿ ಕಣ್ಣಿಗೆ ಕಾಣದ ಅವಕೆಂಪು ಒಳಗೆ ಹೋಗಿ, ಕಾಣುವ ಬೆಳಕಾಗಿ ಹೊರಬರುತ್ತದೆ. ಪದರ ತೆಳುವಾದ್ದರಿಂದ ಕಡಿಮೆ ವೋಲ್ಟೇಜೂ ಸಾಕು. ಆದರೆ ದಪ್ಪ ಪಿಂಗಾಣಿ ಬಿಲ್ಲೆಗೆ ಮಿಲಿಮೀಟರಿಗೆ ಕೆಲವು ಸಾವಿರ ವೋಲ್ಟ್ ಬೇಕಾಗುತ್ತದೆ.

2016ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ರಾಜೀವ್ ರಂಜನ್ ಅವರ ತಂಡದ ಪ್ರಬಂಧ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಬಂತು. ಅವರ ಜಾಣತನ ಇರುವುದು ವಸ್ತುವಿನ ಆಯ್ಕೆಯಲ್ಲಿ. ಸೋಡಿಯಂ ಬಿಸ್ಮತ್ ಟೈಟನೇಟಿಗೆ ನೂರಕ್ಕೆ ಆರರಷ್ಟು ಬೇರಿಯಂ ಟೈಟನೇಟ್ ಸೇರಿದರೆ, ಎರಡು ಬಗೆಯ ರಚನೆಗಳ ನಡುವೆ ಅತ್ತಲೋ ಇತ್ತಲೋ ಎಂದು ಹೊಯ್ದಾಡುವ ‘ಮೆದು’ ಪಿಂಗಾಣಿ ಸಿಗುತ್ತದೆ. ಇಂಥದ್ದನ್ನು ಕ್ಷೇತ್ರದಿಂದ ಬಗ್ಗಿಸುವುದು ಸುಲಭ. ಅದರಲ್ಲಿ ಯೂರೋಪಿಯಂ ಇಟ್ಟು ಕ್ಷೇತ್ರ ಹಾಕಿದಾಗ ಬೆಳಕಿನ ಸ್ವರೂಪವೇ ಬದಲಾಯಿತು. ಒಳಗಿನ ಅಯಾನುಗಳ ಅಸ್ತವ್ಯಸ್ತತೆಯಿಂದಾಗಿ, ಬೇರೆಡೆ ಮುಚ್ಚಿರುವ ಜಿಗಿತದ ಹಾದಿಗಳು ಇಲ್ಲಿ ತೆರೆದಿರುವುದೂ, ಅವನ್ನು ಕ್ಷೇತ್ರದಿಂದ ಹೊಂದಿಸಬಹುದೆಂಬುದೂ ಕಂಡಿತು.

ಇದರಿಂದ ಆಗುವುದೇನು ಎನ್ನುತ್ತೀರಾ? ರೇಡಿಯೋ ಸೋಸುಕ, ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರ ಮೊದಲಾದವುಗಳಲ್ಲಿ ಬಹುಕಾಲದಿಂದ ಮೆರೆಯುತ್ತಿರುವ ಪಿಂಗಾಣಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ತಯಾರಿಸುವ ಕುಲುಮೆಯ ಪಕ್ಕ ನಿಂತವರಿಗೂ, ಕೆಟ್ಟ ಸಾಮಾನನ್ನು ಒಡೆದು ಹೊಟ್ಟೆ ಹೊರೆಯುವ ಗುಜರಿ ಕೆಲಸದವರಿಗೂ ಆ ಸೀಸ ವಿಷ. ಬೆಂಗಳೂರಿನವರು ಆಯ್ದ ಪಿಂಗಾಣಿಯಲ್ಲಿ ಸೀಸವಿಲ್ಲ. ಆದರೆ ಸೀಸವಿಲ್ಲದವು ಕ್ಷೇತ್ರಕ್ಕೆ ಹೇಗೆ ಬಗ್ಗುತ್ತವೆ, ಯಾವ ಹಂತದಲ್ಲಿ ಕೈಕೊಡುತ್ತವೆ ಎಂಬುದನ್ನು ಬಲ್ಲದೆ ಬದಲಿ ಹಾಕುವಂತಿಲ್ಲ. ಎಕ್ಸ್-ಕಿರಣಕ್ಕೆ ಕಾಣುವುದು ಹೆಚ್ಚಾಗಿ ಇಡೀ ಸಾಲಿನ ಸರಾಸರಿ, ಯೂರೋಪಿಯಂ ಮಾತ್ರ ತನ್ನ ಪಕ್ಕದ ಮನೆಯ ಸುದ್ದಿ ಹೇಳುತ್ತದೆ.

ವೋಲ್ಟೇಜು ತೆಗೆದ ಮೇಲೂ ಬದಲಾವಣೆ ಉಳಿಯುವುದರಿಂದ, ಬರೆದಿಟ್ಟದ್ದನ್ನು ಬೆಳಕಿನಿಂದ ಓದುವ ಸ್ಮರಣಕೋಶದ ಆಸೆಯೂ ಇದೆ. ಆದರೆ ಯೂರೋಪಿಯಂನ ಹೊಳಪು ಆರಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಬೇಕು. ಕಂಪ್ಯೂಟರಿನ ವೇಗಕ್ಕೆ ಅದು ಎತ್ತಿನ ಗಾಡಿ.